ಹಳೇ ಗಿಟಾರಿನ ಹುಚ್ಚು: ಕಾರವಾರದ ರಿಪೇರಿ ಮೇಜಿನಿಂದ ಉತ್ತರಗಳು

ಪ್ರಶ್ನೆ: ನಮ್ಮದು ಅಡಿಕೆ ತೋಟ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಮನೆಗೆ ಬಂದರೆ ಸಾಕು, 1959ರ ಲೆಸ್ ಪಾಲ್ ಗಿಟಾರಿನ ಮಾತು. ಒಂದೊಂದಕ್ಕೆ ಕೋಟಿಗಟ್ಟಲೆ ರೇಟಂತೆ. ಗಿಟಾರಿನಲ್ಲಿ ಅಷ್ಟು ದುಡ್ಡು ಕೊಡುವಂಥದ್ದು ಏನಿದೆ?
– ಓದುಗರು, ಶಿರಸಿ

ಉತ್ತರ: ಅವನು ತೋಟ ಮಾರೋಣ ಅನ್ನುವ ತನಕ ಹೆದರಬೇಡಿ.

ಮೊದಲು ಕಥೆ ಕೇಳಿ. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಗಿಬ್ಸನ್ ಕಂಪನಿ 1952ರಲ್ಲಿ ಈ ಎಲೆಕ್ಟ್ರಿಕ್ ಗಿಟಾರ್ ತಂದಿತು. ಲೆಸ್ ಪಾಲ್ ಅಂದರೆ ಆಗಿನ ಕಾಲದ ಹೆಸರುವಾಸಿ ಗಿಟಾರ್ ವಾದಕ. ಒಡಲು ಮಹಾಗನಿ, ಮೇಲೆ ಮೇಪಲ್ ಹಲಗೆ, ನೆಕ್ (ಎಡಗೈ ಹಿಡಿಯುವ ಉದ್ದನೆಯ ಕತ್ತು) ಅಂಟು ಹಾಕಿ ಕೂರಿಸಿದ್ದು. ಬೆರಳು ಮೇಲಿನ ಸ್ವರದ ಮನೆಗಳಿಗೆ ಮುಟ್ಟಲಿ ಅಂತ ಒಂದೇ ಬದಿ ಭುಜ ಕತ್ತರಿಸಿದ್ದಾರೆ, ಅದಕ್ಕೇ ಸಿಂಗಲ್ ಕಟ್. ಮೊದಲು ಚಿನ್ನದ ಬಣ್ಣ ಇತ್ತು. 1958ರಲ್ಲಿ ಕೆಂಪಿನಿಂದ ಹಳದಿಗೆ ತಿರುಗುವ ಸನ್‌ಬರ್ಸ್ಟ್ ಬಣ್ಣ ಬಂತು. ಆಗ ಅದು ಓಡಲೇ ಇಲ್ಲ! ಎರಡೇ ವರ್ಷದಲ್ಲಿ ನಿಲ್ಲಿಸಿ, ಎರಡು ಕೊಂಬಿನ ಬೇರೆ ಆಕಾರ ತಂದರು. ಆ ಬಣ್ಣದ್ದು ಆದದ್ದು ಸುಮಾರು ಒಂದೂವರೆ ಸಾವಿರ ಅಷ್ಟೇ.

ಆಮೇಲೆ ಇಂಗ್ಲೆಂಡಿನ ಹುಡುಗರು ಇವನ್ನೇ ಸೆಕೆಂಡ್‌ಹ್ಯಾಂಡ್ ಹಿಡಿದರು. 1966ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್, ಜಾನ್ ಮೇಯಾಲ್ ತಂಡದ ಜೊತೆ ರೆಕಾರ್ಡ್ ಮಾಡುವಾಗ ಮಾರ್ಷಲ್ ಆಂಪನ್ನು (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಜೋರಾಗಿ ತಿರುಗಿಸಿ ಇದನ್ನು ನುಡಿಸಿದರು. ಆ ದಪ್ಪ, ಎಳೆದಷ್ಟೂ ನಿಲ್ಲುವ ನಾದ ಕೇಳಿ ಎಲ್ಲರಿಗೂ ಇದೇ ಬೇಕಾಯಿತು. ಜನ ಕೇಳುವ ಹೊತ್ತಿಗೆ ಮಾಲು ಇಲ್ಲ. 1968ರಲ್ಲಿ ಗಿಬ್ಸನ್ ಲೆಸ್ ಪಾಲ್ ಆಕಾರವನ್ನು ಮತ್ತೆ ಶುರು ಮಾಡಿತು. ಆದರೆ ಹಳೆಯದು ಹಳೆಯದೇ ಆಗಿ ಉಳಿಯಿತು, ರೇಟು ಏರುತ್ತಲೇ ಹೋಯಿತು.

ಇನ್ನು ನಾದದಲ್ಲಿ ನಿಜ ಎಷ್ಟು? ಸ್ವಲ್ಪ ಇದೆ. 1957ರಿಂದ ಇದಕ್ಕೆ ಹಂಬಕರ್ ಪಿಕಪ್ (ತಂತಿಯ ಅಲುಗಾಟ ಹಿಡಿದು ಆಂಪಿಗೆ ಕಳಿಸುವ ಭಾಗ) ಹಾಕಿದರು. ಸೇತ್ ಲವರ್ ಎಂಬ ಎಂಜಿನಿಯರ್ ಮಾಡಿದ್ದು. ಅದರೊಳಗೆ ಎರಡು ತಂತಿ ಸುರುಳಿಗಳು ಒಂದಕ್ಕೊಂದು ಉಲ್ಟಾ ಇರುತ್ತವೆ, ಕರೆಂಟಿನ ಗುಂಯ್ ಸದ್ದು ಅಲ್ಲೇ ಕಟ್ಟಾಗುತ್ತದೆ. ಆಗ ತಂತಿ ಸುತ್ತುವುದರಲ್ಲಿ ಅಷ್ಟು ಲೆಕ್ಕ ಇರಲಿಲ್ಲ. ಒಂದಕ್ಕೆ ಸುತ್ತು ಜಾಸ್ತಿ, ಒಂದಕ್ಕೆ ಕಡಿಮೆ. ಅಯಸ್ಕಾಂತವೂ ಒಂದೇ ಥರದ್ದಲ್ಲ. ಹಾಗಾಗಿ ಎರಡು ಹಳೇ ಗಿಟಾರ್ ಒಂದೇ ಥರ ನುಡಿಯುವುದಿಲ್ಲ. ಇಂಗ್ಲೆಂಡಿನ ವಾದಕ ಪೀಟರ್ ಗ್ರೀನ್ ಅವರ ಗಿಟಾರಿನಲ್ಲಿ ಒಂದು ಪಿಕಪ್‌ನ ಅಯಸ್ಕಾಂತ ತಿರುಗಿ ಕೂತಿತ್ತು. ಎರಡೂ ಪಿಕಪ್ ಒಟ್ಟಿಗೆ ಆನ್ ಮಾಡಿದರೆ ಮೂಗಿನಲ್ಲಿ ಹಾಡಿದ ಹಾಗೆ ಕೇಳುತ್ತದೆ. ಆ ದೋಷವನ್ನೇ ಈಗ ಜನ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರೆ! ಆ ಗಿಟಾರ್ ಇನ್ನೊಬ್ಬ ವಾದಕ ಗ್ಯಾರಿ ಮೂರ್ ಕೈಗೆ ಹೋಗಿ, ಈಗ ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಹತ್ತಿರ ಇದೆ. ಬಿಸಿಲಿಗೆ ಕೆಂಪು ಮಾಸಿ ನಿಂಬೆಹಳದಿ ಆದ ಗಿಟಾರಿಗೂ ಬೇರೆಯೇ ಅಭಿಮಾನಿಗಳಿದ್ದಾರೆ. ಬಣ್ಣ ಹೋದದ್ದಕ್ಕೂ ಕಾಸು, ನೋಡಿ.

ನನ್ನ ಕೇಳಿದರೆ ಆ ರೇಟಿನಲ್ಲಿ ನಾದದ ಪಾಲು ಸಣ್ಣದು. ಉಳಿದದ್ದು ಅಪರೂಪ ಮತ್ತು ಯಾರು ನುಡಿಸಿದ್ದರು ಎಂಬ ಮೋಹ. ಒಳ್ಳೇ ಹೊಸ ಪಿಕಪ್, ಒಳ್ಳೇ ವಾಲ್ವ್ ಆಂಪ್ ಇದ್ದರೆ ಕಣ್ಣು ಮುಚ್ಚಿ ಕೇಳುವವರಿಗೆ ಗುರುತು ಸಿಗುವುದು ಕಷ್ಟ. ಮಗನಿಗೆ ಇನ್ನೊಂದು ವಿಷಯ ಹೇಳಿ. ಆ ಹಳೇ ಗಿಟಾರಿನ ಫ್ರೆಟ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ಬ್ರೆಜಿಲ್ ಬೀಟೆಯದು. ಆ ಮರದ ವ್ಯಾಪಾರಕ್ಕೆ 1992ರಿಂದ ಅಂತರರಾಷ್ಟ್ರೀಯ ಬಿಗಿ ಇದೆ. ಆದರೆ 1960ರ ದಶಕದ ನಡುವಿನಿಂದಲೇ ಗಿಬ್ಸನ್ ಭಾರತದ ಬೀಟೆಗೆ ಬದಲಾಗಿತ್ತು. ನಿಮ್ಮ ಶಿರಸಿ, ಯಲ್ಲಾಪುರ ಕಾಡಿನಲ್ಲಿ ಬೆಳೆಯುವ ಜಾತಿಯೇ ಅದು. ನಿಮ್ಮ ಅಜ್ಜನ ಕಾಲದ ಮಂಚ ಬೀಟೆಯದಾಗಿದ್ದರೆ ಮಗನಿಗೆ ತೋರಿಸಿ.

ಪ್ರಶ್ನೆ: ಟೆಲಿಕಾಸ್ಟರ್ ಕೂಡ ಸಿಂಗಲ್ ಕಟ್ ಅಲ್ವಾ? ಎರಡರಲ್ಲಿ ಯಾವುದು ತಗೊಳ್ಳಲಿ?
– ಕಾಲೇಜು ವಿದ್ಯಾರ್ಥಿನಿ, ಕುಮಟಾ

ಉತ್ತರ: ಹೌದು ತಂಗಿ, ಫೆಂಡರ್ ಕಂಪನಿಯ ಟೆಲಿಕಾಸ್ಟರ್, ಆಕಾರದಲ್ಲಿ ಅದೂ ಸಿಂಗಲ್ ಕಟ್ಟೇ. 1951ರಲ್ಲಿ ಆ ಹೆಸರು ಬಂತು. ಚಪ್ಪಟೆ ಹಲಗೆ, ನೆಕ್ ನಾಲ್ಕು ಸ್ಕ್ರೂನಲ್ಲಿ ನಿಂತಿರುತ್ತದೆ. ತಂತಿಯ ಉದ್ದ ಇಪ್ಪತ್ತೈದೂವರೆ ಇಂಚು. ಲೆಸ್ ಪಾಲ್‌ನದು ಅದಕ್ಕಿಂತ ಮುಕ್ಕಾಲು ಇಂಚು ಕಡಿಮೆ, ಹಾಗಾಗಿ ತಂತಿ ಬೆರಳಿಗೆ ಮೆತ್ತಗೆ. ಟೆಲಿಯ ನಾದ ಚುರುಕು, ತಪ್ಪು ಮಾಡಿದರೆ ಎಲ್ಲರಿಗೂ ಕೇಳುತ್ತದೆ. ರಿಪೇರಿಯವನಾಗಿ ನನಗೆ ಅದೇ ಇಷ್ಟ, ಸ್ಕ್ರೂ ಬಿಚ್ಚಿದರೆ ನೆಕ್ ಕೈಗೆ ಬರುತ್ತದೆ. ಭಾರ ಹೊರಲು ಬೇಜಾರಿಲ್ಲ, ದಪ್ಪ ನಾದ ಬೇಕು ಅಂದರೆ ಲೆಸ್ ಪಾಲ್ ಥರದ್ದು. ಇಲ್ಲವಾದರೆ 1954ರ ಲೆಸ್ ಪಾಲ್ ಜೂನಿಯರ್ ಮಾದರಿ ನೋಡು. ಒಂದೇ ಪಿಕಪ್, ಎರಡೇ ಗುಂಡಿ. ಕಲಿಯುವವರಿಗೆಂದು ಅಗ್ಗಕ್ಕೆ ಮಾಡಿದ್ದು. ಆ ಮನೆತನದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಪ್ರಶ್ನೆ: ಗೋವಾದಲ್ಲಿ ಒಬ್ಬರು 1978ರ ಲೆಸ್ ಪಾಲ್ ಮಾರುತ್ತಿದ್ದಾರೆ. ಅಸಲಿಯೋ ಅಲ್ಲವೋ ಹೇಗೆ ನೋಡುವುದು?
– ಓದುಗರು, ಅಂಕೋಲಾ

ಉತ್ತರ: ಕಾಳಿ ಸೇತುವೆ ದಾಟುವ ಮೊದಲೇ ಫೋಟೋ ತರಿಸಿಕೊಳ್ಳಿ. ಗಿಟಾರಿನ ತಲೆಯ (ತಂತಿ ಬಿಗಿಸುವ ತುದಿ) ಹಿಂಬದಿಯಲ್ಲಿ ಎಂಟು ಅಂಕಿ ಒತ್ತಿರಬೇಕು. ಮೊದಲನೇದು ಮತ್ತು ಐದನೇದು ಸೇರಿದರೆ ವರ್ಷ, ಅಂದರೆ ನಿಮ್ಮದರಲ್ಲಿ 7 ಮತ್ತು 8. ನಡುವಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಅನ್ನುವುದು. ಅದು 366 ದಾಟಿದರೆ ಅಲ್ಲಿಗೇ ಕೈಬಿಡಿ. ಆ ಕಾಲದ್ದಕ್ಕೆ ತಲೆ ಶುರುವಾಗುವ ಕಡೆ ನೆಕ್ಕಿನ ಹಿಂದೆ ಒಂದು ಸಣ್ಣ ಉಬ್ಬು ಇರುತ್ತದೆ, ಕೈಯಾಡಿಸಿ. ಒಳಗಿನ ವಾಲ್ಯೂಮ್ ಪಾಟ್ (ಗುಂಡಿಯ ಕೆಳಗಿನ ಭಾಗ) ಮೇಲೆ 137ರಿಂದ ಶುರುವಾಗುವ ಸಂಖ್ಯೆ ಇದ್ದರೆ ಮುಂದಿನ ಎರಡು ಅಂಕಿ ವರ್ಷ. 85 ಅಂತಿದ್ದರೆ ಪಾಟ್ ಬದಲಾಗಿದೆ, ಇಲ್ಲವೇ ಮಾತು ಸುಳ್ಳು.

ಟಾರ್ಚ್ ಓರೆಯಾಗಿ ಹಿಡಿದು ತಲೆಯ ಬುಡ ನೋಡುವುದನ್ನು ಮರೆಯಬೇಡಿ. ತಲೆ ಹಿಂದಕ್ಕೆ ಬಾಗಿದೆ, ನೆಕ್ ಬಿಗಿಸುವ ರಾಡಿನ ಗುಳಿಯೂ ಅಲ್ಲೇ ಇದೆ. ಗಿಟಾರ್ ಬಿದ್ದರೆ ಮುರಿಯುವುದೂ ಅಲ್ಲೇ. ಮುರಿದು ಅಂಟು ಹಾಕಿದ್ದು ಚೆನ್ನಾಗಿ ನುಡಿಯಬಹುದು, ಆದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯಬೇಕು. ಜಪಾನಿನ ಗ್ರೆಕೋ, ಟೋಕಾಯ್ ಕಂಪನಿಗಳ ಹಳೇದು ಸಿಕ್ಕರೆ ನಕಲು ಅಂತ ಮೂಗು ಮುರಿಯಬೇಡಿ. ಕೆಲವು ಅಸಲಿಗಿಂತ ಅಚ್ಚುಕಟ್ಟಾಗಿವೆ.

ಪ್ರಶ್ನೆ: ಮಳೆಗಾಲದಲ್ಲಿ ಗಿಟಾರ್ ಕಾಪಾಡಲು ಏನು ಮಾಡಲಿ?
– ಓದುಗರು, ಹೊನ್ನಾವರ

ಉತ್ತರ: ನುಡಿಸಿದ ಮೇಲೆ ತಂತಿ ಒರೆಸಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೆ ತೂಗುಹಾಕಬೇಡಿ. ಉಪ್ಪುಗಾಳಿಗೆ ಪಾಟ್ ಕರಕರ ಅನ್ನತೊಡಗಿದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿ. ಹಳೇ ಗಿಟಾರಿನ ನೈಟ್ರೋಸೆಲ್ಯುಲೋಸ್ ಮೆರುಗು ಸ್ಟ್ಯಾಂಡಿನ ರಬ್ಬರಿಗೆ ಕರಗಿ ಕಲೆಯಾಗುತ್ತದೆ, ರಬ್ಬರಿಗೆ ಹತ್ತಿ ಬಟ್ಟೆ ಸುತ್ತಿ.