ಹೊಸ ಸ್ಪ್ಲಿಟ್ ಎಸಿ ಕೂರಿಸುವಾಗ ಗ್ಯಾಸ್‌ಗೆ ಬೇರೆ ದುಡ್ಡು ಕೊಡಬೇಕಾ?

ದಾವಣಗೆರೆಯ ಮನೆಗೆ ಹೊಸ ಎಸಿ ಹಾಕಿಸುತ್ತಿದ್ದೇನೆ, ಮೆಕ್ಯಾನಿಕ್ ಗ್ಯಾಸ್‌ಗೆ ಬೇರೆ ದುಡ್ಡು ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಸಾಮಾನ್ಯವಾಗಿ ಕೊಡುವ ಅಗತ್ಯ ಇಲ್ಲ. ಔಟ್‌ಡೋರ್ ಯೂನಿಟ್‌ಗೆ ಕಾರ್ಖಾನೆಯಲ್ಲೇ ಗ್ಯಾಸ್ ತುಂಬಿರುತ್ತಾರೆ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಅದರ ಮೇಲೆ ಅಂಟಿಸಿದ ಲೇಬಲ್‌ನಲ್ಲೇ ಇರುತ್ತದೆ. ಪೈಪು ಕೈಪಿಡಿಯಲ್ಲಿ ಹೇಳಿದ ಉದ್ದಕ್ಕಿಂತ ಜಾಸ್ತಿ ಆದರೆ ಮಾತ್ರ ಸೇರಿಸಬೇಕು. ಅದೂ ಅಂದಾಜಿನಲ್ಲಿ ಅಲ್ಲ, ಸಿಲಿಂಡರನ್ನು ತಕ್ಕಡಿ ಮೇಲಿಟ್ಟು ತೂಕ ನೋಡಿಕೊಂಡು.

ನೀವು ಹಟ ಹಿಡಿಯಬೇಕಾದ್ದು ವ್ಯಾಕ್ಯೂಮ್ ಪಂಪಿಗೆ, ಅಂದರೆ ಪೈಪಿನೊಳಗಿನ ಗಾಳಿ ಎಳೆದು ತೆಗೆಯುವ ಯಂತ್ರಕ್ಕೆ. ಪೈಪು ಜೋಡಿಸಿದಾಗ ಒಳಗೆ ಗಾಳಿ, ತೇವ ಉಳಿದಿರುತ್ತದೆ. ತೇವ ಕಂಪ್ರೆಸರ್ ಎಣ್ಣೆಯನ್ನು ಕೆಡಿಸುತ್ತದೆ, ಗಾಳಿ ಒತ್ತಡ ಏರಿಸುತ್ತದೆ. ಕೆಲವರು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳಿಬಿಡುತ್ತಾರೆ. ದಯವಿಟ್ಟು ಒಪ್ಪಬೇಡಿ. ತೇವ ಅಲ್ಲೇ ಉಳಿಯುತ್ತದೆ, ಈಗಿನ ಅನೇಕ ಎಸಿಗಳಲ್ಲಿರುವ ಆರ್‌32 ಗ್ಯಾಸ್ ಬೆಂಕಿ ಹಿಡಿಯುವಂಥದ್ದು ಬೇರೆ. ಪಂಪಿನಲ್ಲಿ ಪೈಪಿನೊಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ (ಇದು ನಿರ್ವಾತ ಅಳೆಯುವ ಮಾನ) ಕೆಳಗೆ ಇಳಿಸಿ, ಪಂಪ್ ನಿಲ್ಲಿಸಿ ಸ್ವಲ್ಪ ಹೊತ್ತು ಕಾಯಲಿ. ಮೀಟರಿನಲ್ಲಿ ಒತ್ತಡ ಏರದಿದ್ದರೆ ಲೀಕ್ ಇಲ್ಲ. ಆಮೇಲೇ ಔಟ್‌ಡೋರ್ ಯೂನಿಟ್‌ನ ಎರಡೂ ವಾಲ್ವ್ ಪೂರ್ತಿ ತೆರೆದು ಗ್ಯಾಸ್ ಬಿಟ್ಟು, ಪೈಪು ಜೋಡಿಸಿದ ನಟ್‌ಗಳಿಗೆ ಸೋಪಿನ ನೀರು ಹಚ್ಚಿ ಇನ್ನೊಮ್ಮೆ ನೋಡಲಿ.

ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ವಾ? ಯೂನಿಟ್‌ನ ಬಿಸಿಗಾಳಿ ಹೊರಹೋಗಲು ಎದುರಿಗೆ ಖಾಲಿ ಜಾಗ ಬಿಡಿಸಿ. ಗ್ರಿಲ್ ಹಾಕಿ ಮುಚ್ಚಿದ ಬಾಲ್ಕನಿ ಬೇಡ.