ಒಂದು ಸಲ ತಪ್ಪಿದ ಅಂದಾಜನ್ನು ತಂಡ ನಂಬುತ್ತಿಲ್ಲ: ಪ್ರತಿಕ್ರಿಯೆ
ಸಾಫ್ಟ್‌ವೇರ್ ಕೊಟ್ಟ ಮಾರಾಟದ ಅಂದಾಜು ಒಮ್ಮೆ ತಪ್ಪಿದ ಮೇಲೆ ತಂಡದವರು ಅದನ್ನು ನೋಡುವುದನ್ನೇ ಬಿಟ್ಟಿದ್ದಾರೆ ಅಂದಿರಿ. ಬಹುಶಃ ಆ ತಪ್ಪನ್ನು ಕಣ್ಣಾರೆ ಕಂಡದ್ದೇ ಕಾರಣ. ಮನುಷ್ಯ ತಪ್ಪಿದರೆ ಕ್ಷಮಿಸುತ್ತೇವೆ, ಯಂತ್ರ ತಪ್ಪಿದರೆ ಬೇಗ ಕೈಬಿಡುತ್ತೇವೆ, ಅಲ್ವಾ? 2015ರಲ್ಲಿ ಸಂಶೋಧಕರಾದ ಡೀಟ್‌ವೋರ್ಸ್ಟ್, ಸಿಮನ್ಸ್, ಮ್ಯಾಸಿ ಪ್ರಯೋಗ ಮಾಡಿ ತೋರಿಸಿದ್ದೂ ಇದನ್ನೇ.

ಮೊದಲು ಹಳೆಯ ಲೆಕ್ಕ ತೆಗೆಯಿರಿ. ಸಾಫ್ಟ್‌ವೇರ್ ಹೇಳಿದ್ದು, ತಂಡ ಹೇಳಿದ್ದು, ನಿಜಕ್ಕೂ ಆದದ್ದು, ಮೂರನ್ನೂ ಪಕ್ಕಪಕ್ಕ ಇಡಿ. ತಂಡದ ಅಂದಾಜೇ ಹತ್ತಿರವಿದ್ದರೆ ಅವರ ಅನುಮಾನ ಸರಿ, ಸುಮ್ನೆ ಒತ್ತಾಯ ಬೇಡ.

ಇಲ್ಲದಿದ್ದರೆ ಅಂದಾಜನ್ನು ಸ್ವಲ್ಪ ತಿದ್ದಲು ಅವರಿಗೆ ಬಿಡಿ. ಅದೇ ಮೂವರ ಮುಂದಿನ ಪ್ರಯೋಗಗಳಲ್ಲಿ ಅಷ್ಟು ಅವಕಾಶ ಕೊಟ್ಟಾಗ ಜಾಸ್ತಿ ಜನ ಯಂತ್ರವನ್ನು ಒಪ್ಪಿದರು. ನಮ್ಮ ತಂಡದಲ್ಲೂ ಹಾಗೇ ಆಯಿತು. ತಿದ್ದಿದಾಗಲೆಲ್ಲ ಕಾರಣವನ್ನು ಒಂದು ಸಾಲಿನಲ್ಲಿ ಬರೆಸಿ, ತಿಂಗಳ ಕೊನೆಗೆ ಒಟ್ಟಿಗೆ ಕೂತು ನೋಡಿ.