ಬೈರನ್ ಬ್ಯಾಟ್ ಹಿಡಿದದ್ದು ನಿಜ

ಕಾಲು ಊನವಿದ್ದ ಇಂಗ್ಲಿಷ್ ಕವಿ ಬೈರನ್ ಹ್ಯಾರೋ ಶಾಲೆಯ ಕ್ರಿಕೆಟ್ ತಂಡದಲ್ಲಿ ಆಡಿದ್ದು ಕಟ್ಟುಕತೆಯಾ ಅಂತ ಕೇಳಿದ್ದೀರಿ. ಅಲ್ಲ ಸಾರ್, ನಿಜವೇ. 1805ರ ಆಗಸ್ಟ್‌ನಲ್ಲಿ ಈಟನ್ ಶಾಲೆಯ ವಿರುದ್ಧ ಲಾರ್ಡ್ಸ್‌ನಲ್ಲಿ ಆಡಿದ (ಈಗಿನ ಲಾರ್ಡ್ಸ್ ಅಲ್ಲ, ಡಾರ್ಸೆಟ್ ಚೌಕದ ಹಳೇ ಮೈದಾನ). ಅವನ ಪರವಾಗಿ ಓಡೋಕೆ ಬೇರೆ ಹುಡುಗ. ಹ್ಯಾರೋಗೆ ಇನಿಂಗ್ಸ್ ಸೋಲು.

ತಮಾಷೆ ಕೇಳಿ. ಗೆಳೆಯನಿಗೆ ಬರೆದ ಪತ್ರದಲ್ಲಿ 11 ಮತ್ತು 7 ರನ್ ಹೊಡೆದೆ ಅಂತಾನೆ. ಸ್ಕೋರ್ ಪಟ್ಟಿಯಲ್ಲಿರೋದು 7 ಮತ್ತು 2! ಹದಿನೇಳರ ಹುಡುಗ, ಸ್ವಲ್ಪ ಜಾಸ್ತಿ ಬಿಟ್ಟಿದ್ದಾನೆ, ಅಷ್ಟೇ.

ನಾಟಕದ ಹುಚ್ಚೂ ಇತ್ತು. ಅದೇ ಬೇಸಿಗೆಯಲ್ಲಿ, ಶಾಲೆಯ ಭಾಷಣ ದಿನ, ಶೇಕ್ಸ್‌ಪಿಯರ್ ನಾಟಕದ, ಬಿರುಗಾಳಿಗೆ ಸಿಕ್ಕ ಲಿಯರ್ ದೊರೆಯ ಮಾತುಗಳನ್ನು ಅಭಿನಯಿಸಿದ್ದ. ಪಂದ್ಯದ ರಾತ್ರಿ ಎರಡೂ ತಂಡದವರು ಒಟ್ಟಿಗೆ ಉಂಡು, ಕುಡಿದು, ಲಂಡನ್ನಿನ ಹೇಮಾರ್ಕೆಟ್ ರಂಗಮಂದಿರಕ್ಕೆ ನುಗ್ಗಿ ಗಲಾಟೆ ಎಬ್ಬಿಸಿದ್ದೂ ಅದೇ ಪತ್ರದಲ್ಲಿದೆ.